ಒಂದೇ ಊರು, ಎರಡು ರಾತ್ರಿ

ಸ್ವಿಟ್ಜರ್ಲೆಂಡಿನ ಲೂಸರ್ನ್ ಪ್ರಾಂತದಲ್ಲಿ ವಿಲ್ಲಿಸಾವ್ ಎಂಬ ಪುಟ್ಟ ಊರಿದೆ. ಹಳೆಯ ಊರಬಾಗಿಲು, ಅದರೊಳಗೆ ಒಂದು ಪೇಟೆಬೀದಿ, ಸುತ್ತಲೂ ಹಸಿರು ದಿಣ್ಣೆಗಳು. 1979ರ ಆಗಸ್ಟ್ 30ರಂದು ಆ ಊರಿನ ಜಾಝ್ ಉತ್ಸವದಲ್ಲಿ ಇಬ್ಬರೇ ಕಲಾವಿದರು ಒಂದು ಕಛೇರಿ ನಡೆಸಿದರು. ಡ್ರಮ್ಸ್ ಮುಂದೆ ಕೂತವರು ಮ್ಯಾಕ್ಸ್ ರೋಚ್. ಟೆನರ್ ಸ್ಯಾಕ್ಸೋಫೋನ್ ಹಿಡಿದು ನಿಂತವರು ಆರ್ಚಿ ಶೆಪ್. ಮರುದಿನ, ಆಗಸ್ಟ್ 31ರಂದು, ಅದೇ ಉತ್ಸವದಲ್ಲಿ ಮ್ಯಾಕ್ಸ್ ರೋಚ್ ಮತ್ತೆ ನುಡಿಸಿದರು. ಆ ರಾತ್ರಿಯೂ ಇಬ್ಬರೇ. ಆದರೆ ಸ್ಯಾಕ್ಸೋಫೋನ್ ಹಿಡಿದವರು ಬೇರೆ: ಆಂಥನಿ ಬ್ರಾಕ್ಸ್‌ಟನ್. ಎರಡು ಕಛೇರಿಗಳೂ ಧ್ವನಿಮುದ್ರಣಗೊಂಡು ಎರಡೆರಡು ಎಲ್‌ಪಿಗಳ ಜೋಡಿಯಾಗಿ ಹೊರಬಂದವು. ಮೊದಲ ರಾತ್ರಿಯದಕ್ಕೆ ‘ದಿ ಲಾಂಗ್ ಮಾರ್ಚ್’ ಎಂದು ಹೆಸರು, ಎರಡನೆಯದಕ್ಕೆ ‘ಒನ್ ಇನ್ ಟೂ, ಟೂ ಇನ್ ಒನ್’.

ನನ್ನ ಇವತ್ತಿನ ಮಾತು ಆ ಎರಡು ರಾತ್ರಿಗಳ ಬಗ್ಗೆ. ಊರು ಅದೇ, ಡ್ರಮ್ಸ್ ನುಡಿಸಿದ ಕೈಯೂ ಅದೇ, ನಡುವೆ ಕಳೆದದ್ದು ಒಂದು ಹಗಲು. ಆದರೂ ಎರಡನ್ನೂ ಕೇಳಿದವರಿಗೆ ಡ್ರಮ್ಸ್ ನುಡಿಸಿದವರು ಇಬ್ಬರು ಬೇರೆಬೇರೆ ಮನುಷ್ಯರೇನೋ ಅನ್ನಿಸುತ್ತದೆ. ಫ್ರೀ ಜಾಝ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ವ್ಯಾಖ್ಯಾನಕ್ಕೆ ಕೈಹಾಕುವುದಿಲ್ಲ. ಈ ಎರಡು ಮುದ್ರಿಕೆಗಳ ಹೆಸರು ಹೇಳುತ್ತೇನೆ.

ಈ ಸಂಗೀತದ ಮೇಲೆ ಹಳೆಯ ದೂರೊಂದಿದೆ. ತಾಳವಿಲ್ಲ, ಶ್ರುತಿಯಿಲ್ಲ, ಒಬ್ಬರು ತೋಚಿದ್ದನ್ನು ಊದುತ್ತಾರೆ, ಇನ್ನೊಬ್ಬರು ಸಿಕ್ಕಿದ್ದನ್ನು ಬಡಿಯುತ್ತಾರೆ ಎಂಬ ದೂರು. ಮೊದಮೊದಲು ನನಗೂ ಹಾಗೆಯೇ ಕೇಳಿಸಿತ್ತು. ನನ್ನ ಕಿವಿ ಬೆಳೆದದ್ದು ಬಾನುಲಿಯ ಬೆಳಗಿನ ಶಾಸ್ತ್ರೀಯ ಸಂಗೀತದಲ್ಲಿ. ನಮ್ಮಲ್ಲಿ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ಅದರಿಂದ ಗಮಕ ಹೊರಡಿಸಿದವರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜತೆಗೆ ನುಡಿಸಬಹುದೇ ಎಂದು ಕೇಳಿ ನುಡಿಸಿದ್ದರು. ಆದರೆ ಕದ್ರಿಯವರ ಕಛೇರಿಯಲ್ಲಿ ಹಿಂದೆ ಶ್ರುತಿ ಇರುತ್ತಿತ್ತು. ಪಕ್ಕದಲ್ಲಿ ಪಿಟೀಲು, ಮೃದಂಗ. ಆ ಮೃದಂಗದ ಬಲಮುಖವೂ ಅವರ ಷಡ್ಜಕ್ಕೆ ಕೂಡಿರುತ್ತಿತ್ತು. ಸ್ವರ ಎಷ್ಟೇ ದೂರ ಅಲೆದರೂ ಮನೆ ಎಲ್ಲಿದೆ ಎಂದು ಕೇಳುವವರಿಗೆ ಗೊತ್ತಿರುತ್ತಿತ್ತು.

ಜಾಝ್‌ನಲ್ಲೂ ಅಂಥ ಮನೆಯೊಂದು ಇರುತ್ತದೆ. ಸಾಮಾನ್ಯವಾಗಿ ಸ್ಯಾಕ್ಸೋಫೋನ್ ಹಿಂದೆ ಪಿಯಾನೊ, ಡಬಲ್ ಬಾಸ್, ಡ್ರಮ್ಸ್ ಮೂರೂ ಇರುತ್ತವೆ. ಪಿಯಾನೊ ಸ್ವರಗುಚ್ಛಗಳನ್ನು ಕೊಟ್ಟು ದಾರಿ ತೋರುತ್ತದೆ. ಬಾಸ್ ಒಂದೊಂದು ಪೆಟ್ಟಿಗೆ ಒಂದೊಂದು ಸ್ವರವಿಟ್ಟು ಆ ದಾರಿಯಲ್ಲಿ ನಡೆಯುತ್ತದೆ. ಡ್ರಮ್ಸ್ ಕಾಲ ಹಿಡಿಯುತ್ತದೆ. ಮೂವತ್ತೆರಡು ಮಾತ್ರಾಗಣಗಳ ಒಂದು ಹಾಡು ಸುತ್ತಿ ಸುತ್ತಿ ಬರುತ್ತಿದ್ದರೆ ಸ್ಯಾಕ್ಸೋಫೋನ್ ಅದರ ಮೇಲೆ ತನ್ನ ಮನೋಧರ್ಮವನ್ನು ಬೆಳೆಸುತ್ತದೆ. ಈಗ ಪಿಯಾನೊ, ಬಾಸ್ ಎರಡನ್ನೂ ತೆಗೆದುಬಿಡಿ. ಉಳಿದದ್ದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುವ ಒಂದು ಕೊಳವೆ, ಯಾವ ಷಡ್ಜಕ್ಕೂ ಕಟ್ಟುಬೀಳದ ಒಂದಷ್ಟು ಚರ್ಮ ಮತ್ತು ಲೋಹ. ಹಿಂದೆ ತಂಬೂರಿಯೂ ಇಲ್ಲ. ಮನೆಯೇ ಇಲ್ಲದ ಕಡೆ ಇಬ್ಬರು ನಿಂತಿದ್ದಾರೆ. ಒಬ್ಬರಿಗೊಬ್ಬರು ಕಿವಿಗೊಡದೆ ಅವರಿಗೆ ಬೇರೆ ಗತಿಯಿಲ್ಲ.

ಇದು ನನಗೆ ಅರ್ಥವಾದದ್ದು ಸ್ಯಾಕ್ಸೋಫೋನ್ ಬಿಟ್ಟು ಡ್ರಮ್ಸ್ ಕೇಳಲು ಶುರುಮಾಡಿದ ಮೇಲೆ. ಹಾಗಾಗಿ ಮೊದಲು ಮ್ಯಾಕ್ಸ್ ರೋಚ್ ಬಗ್ಗೆ ಹೇಳಬೇಕು.

ಅವರು ಹುಟ್ಟಿದ್ದು 1924ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 1940ರ ದಶಕದಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಜತೆ ನುಡಿಸುತ್ತ ಬೀಬಾಪ್ ಎಂಬ ಹೊಸ ಬಾನಿಯನ್ನು ಕಟ್ಟಿದವರಲ್ಲಿ ಒಬ್ಬರು. ಅಲ್ಲಿಯ ತನಕ ಕಾಲ ಹಿಡಿಯುವ ಕೆಲಸ ಹೆಚ್ಚಾಗಿ ಬಲಗಾಲಿನದು. ಕಾಲಿನಿಂದ ಒತ್ತುವ ಬಾಸ್ ಡ್ರಮ್ ಧಿಂ ಧಿಂ ಎಂದು ಪ್ರತಿ ಪೆಟ್ಟಿಗೂ ಮೊಳಗುತ್ತಿತ್ತು. ಡ್ರಮ್ಸ್ ವಾದಕ ಕೆನ್ನಿ ಕ್ಲಾರ್ಕ್ ಮತ್ತು ಅವರ ಹಿಂದೆಯೇ ರೋಚ್ ಆ ಕೆಲಸವನ್ನು ಬಲಗೈಯಲ್ಲಿ ನುಡಿಯುವ ರೈಡ್ ಸಿಂಬಲ್‌ಗೆ ಒಪ್ಪಿಸಿದರು. ಕಾಲ ಹಗುರಾಗಿ ಮೇಲಕ್ಕೆ ಹೋಯಿತು. ಕೆಳಗೆ ಎಡಗೈ, ಎರಡು ಕಾಲು ಬಿಡುವಾದವು. ಆ ಬಿಡುವಿನಲ್ಲಿ ಡ್ರಮ್ಸ್ ಮಾತಾಡಲು ಕಲಿಯಿತು.

ಆ ಮಾತು ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1966ರಲ್ಲಿ ಬಂದ ‘ಡ್ರಮ್ಸ್ ಅನ್‌ಲಿಮಿಟೆಡ್’ ಎಂಬ ಮುದ್ರಿಕೆಯಲ್ಲಿ ಅವರೊಬ್ಬರೇ ನುಡಿಸಿದ ‘ದಿ ಡ್ರಮ್ ಆಲ್ಸೋ ವಾಲ್ಟ್ಸಸ್’ ಎಂಬ ಕಿರು ಕೃತಿ ಇದೆ. ಮೂರು ಪೆಟ್ಟಿನ ಲೆಕ್ಕ. ಒಂದಕ್ಕೆ ಬಲಗಾಲಿನ ಬಾಸ್ ಡ್ರಮ್. ಎರಡು, ಮೂರಕ್ಕೆ ಎಡಗಾಲಿನ ಹೈ ಹ್ಯಾಟ್, ಅಂದರೆ ಕಾಲೊತ್ತಿದಾಗ ಒಂದಕ್ಕೊಂದು ಮುಚ್ಚಿಕೊಳ್ಳುವ ಜೋಡಿ ಸಿಂಬಲ್. ಧಿಂ, ಚಿಕ್, ಚಿಕ್. ಧಿಂ, ಚಿಕ್, ಚಿಕ್. ಕಾಲುಗಳೆರಡು ಇದನ್ನು ಬಿಡದೆ ನಡೆಸುತ್ತಿದ್ದರೆ ಮೇಲೆ ಕೈಗಳು ಒಂದು ಸಾಲು ಹೇಳುತ್ತವೆ, ನಿಲ್ಲುತ್ತವೆ. ನಿಂತಲ್ಲಿ ಕಾಲುಗಳ ಸದ್ದು ಮಾತ್ರ ಕೇಳುತ್ತದೆ. ಆಮೇಲೆ ಕೈಗಳು ಆ ಸಾಲಿಗೆ ಉತ್ತರ ಹೇಳುತ್ತವೆ. ಊದುವವರಿಗೆ ಉಸಿರು ತೆಗೆದುಕೊಳ್ಳದೆ ವಿಧಿಯಿಲ್ಲ. ಬಡಿಯುವವರಿಗೆ ಆ ಕಟ್ಟು ಇಲ್ಲ, ಕೈ ಸೋಲುವ ತನಕ ಬಡಿಯಬಹುದು. ರೋಚ್ ಡ್ರಮ್ಸ್‌ಗೂ ಉಸಿರಿನ ಜಾಗ ಇಟ್ಟರು. ನನ್ನ ಮಟ್ಟಿಗೆ ಅವರ ಹಿರಿಮೆ ಇರುವುದು ಅಲ್ಲಿ.

ಫ್ರೀ ಜಾಝ್ ಎಂಬ ಹೆಸರು ಬಂದದ್ದು ಅವರ ನಂತರದ ತಲೆಮಾರಿನಿಂದ. 1960ರ ಡಿಸೆಂಬರ್ 21ರಂದು ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ತಾವೂ ಸೇರಿ ಎಂಟು ಜನ ವಾದಕರ ತಂಡ ಕಟ್ಟಿಕೊಂಡು ಮೂವತ್ತೇಳು ನಿಮಿಷ ಒಂದೇ ಓಟದಲ್ಲಿ ನುಡಿಸಿದ್ದು ಆ ಹೆಸರಿನಲ್ಲೇ ಹೊರಬಂತು. ಸ್ಯಾಕ್ಸೋಫೋನ್ ಮತ್ತು ಡ್ರಮ್ಸ್ ಜೋಡಿಗೆ ಅಡಿಪಾಯ ಬಿದ್ದದ್ದು 1967ರ ಫೆಬ್ರವರಿ 22ರಂದು, ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ಅಂದು ಸ್ಟುಡಿಯೋಗೆ ಬಂದ ಡ್ರಮ್ಸ್ ವಾದಕ ರಶೀದ್ ಅಲಿ, ಉಳಿದವರೆಲ್ಲಿ ಎಂದು ಕೇಳಿದರಂತೆ. ನಾವಿಬ್ಬರೇ ಎಂದರಂತೆ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್. ಆ ದಿನ ಮುದ್ರಣವಾದದ್ದು ‘ಇಂಟರ್‌ಸ್ಟೆಲ್ಲರ್ ಸ್ಪೇಸ್’. ಗ್ರಹಗಳ ಹೆಸರಿನ ಕೃತಿಗಳು. ಕೋಲ್ಟ್ರೇನ್ ಕಿರುಗಂಟೆಗಳನ್ನು ಅಲುಗಿಸಿ ಶುರುಮಾಡುತ್ತಾರೆ. ಆಮೇಲೆ ಒಂದೇ ಸ್ಯಾಕ್ಸೋಫೋನ್ ತಗ್ಗಿಗೂ ಏರಿಗೂ ಚಿಮ್ಮುತ್ತ ಇಬ್ಬರು ವಾದ ಮಾಡುತ್ತಿರುವ ಹಾಗೆ ನುಡಿಯುತ್ತದೆ. ಅದೇ ವರ್ಷದ ಜುಲೈ 17ರಂದು ಕೋಲ್ಟ್ರೇನ್ ತೀರಿಕೊಂಡರು, ಆಗ ಅವರಿಗೆ ನಲವತ್ತು. ಮುದ್ರಿಕೆ ಬೆಳಕು ಕಂಡದ್ದು 1974ರಲ್ಲಿ. ಅದರ ಬಗ್ಗೆ ಇನ್ನೊಂದು ದಿನ ಹೇಳಬಹುದು. ಅದು ಸ್ಟುಡಿಯೋದ್ದು, ಇವತ್ತು ನಾನು ಹೇಳಲು ಹೊರಟದ್ದು ಜನರೆದುರು ನಡೆದದ್ದು.

ವಿಲ್ಲಿಸಾವ್‌ನಂಥ ಊರಿಗೆ ಈ ಸಂಗೀತ ಹೇಗೆ ಬಂತು? ನಿಕ್ಲೌಸ್ ಟ್ರಾಕ್ಸ್‌ಲರ್ ಎಂಬ ಆ ಊರಿನವರೇ ಆದ ಒಬ್ಬ ಚಿತ್ರವಿನ್ಯಾಸಕರಿಂದ. 1966ರಲ್ಲಿ ಅವರು ಊರಿನಲ್ಲಿ ಜಾಝ್ ಕಛೇರಿಗಳನ್ನು ಏರ್ಪಡಿಸಲು ಶುರುಮಾಡಿದರು. 1975ರಿಂದ ಅದು ವರ್ಷಕ್ಕೊಂದು ಉತ್ಸವವಾಯಿತು, 2009ರ ತನಕ ಅವರೇ ನಡೆಸಿದರು. ಉತ್ಸವದ ಭಿತ್ತಿಪತ್ರಗಳನ್ನೂ ಅವರೇ ಬರೆಯುತ್ತಿದ್ದರು. ಅವರ ಭಿತ್ತಿಪತ್ರಗಳು ಇವತ್ತು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ಸುಮಾರು ಅದೇ ಹೊತ್ತಿಗೆ ವೆರ್ನರ್ ಯೂಲಿಂಗರ್ ಎಂಬ ಇನ್ನೊಬ್ಬ ಸ್ವಿಸ್ ರಸಿಕರು, ಜೋ ಮೆಕ್‌ಫೀ ಎಂಬ ವಾದಕರ ಸಂಗೀತವನ್ನು ಹೊರತರಬೇಕು ಎಂಬ ಒಂದೇ ಆಸೆಯಿಂದ ಹ್ಯಾಟ್ ಹಟ್ ಎಂಬ ಮುದ್ರಿಕೆ ಕಂಪನಿ ತೆರೆದರು; ಆ ಎರಡು ಕಛೇರಿಗಳ ಎಲ್‌ಪಿಗಳನ್ನು ಹೊರತಂದದ್ದು ಅದೇ ಕಂಪನಿ. ರೋಚ್ ಅವರ ಎರಡು ರಾತ್ರಿಗಳು ನಮಗೆ ಉಳಿದಿರುವುದು ಈ ಇಬ್ಬರಿಂದ. ಒಳ್ಳೆಯ ಕೇಳುಗರಿಬ್ಬರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲ ರಾತ್ರಿಗೆ ಬರೋಣ. ರೋಚ್‌ಗೆ ಆಗ ಐವತ್ತೈದು, ಶೆಪ್‌ಗೆ ನಲವತ್ತೆರಡು. ಇಬ್ಬರೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದಲ್ಲಿ ಮೇಷ್ಟ್ರುಗಳು. ಹಿಂದೆ 1976ರಲ್ಲೂ ಇಬ್ಬರೇ ಸೇರಿ ಒಂದು ಮುದ್ರಿಕೆ ಮಾಡಿದ್ದರು. ಅದು ಸೊವೆಟೊದ ಶಾಲಾ ಮಕ್ಕಳ ಮೇಲೆ ದಕ್ಷಿಣ ಆಫ್ರಿಕಾದ ಪೊಲೀಸರು ಗುಂಡು ಹಾರಿಸಿದ ವರ್ಷ, ಚೀನಾದ ನಾಯಕ ಮಾವೋ ತೀರಿಕೊಂಡ ವರ್ಷ. ಆ ಮುದ್ರಿಕೆಯ ಹೆಸರಿನಲ್ಲೇ ಎರಡೂ ಇದ್ದವು. ವಿಲ್ಲಿಸಾವ್‌ನಲ್ಲೂ ಅದೇ ನೆನಪು ಮುಂದುವರಿಯಿತು. ‘ದಿ ಲಾಂಗ್ ಮಾರ್ಚ್’ ಎಂಬುದು ಚೀನಾದ ಕೆಂಪು ಸೇನೆ 1934-35ರಲ್ಲಿ ನಡೆದ ದೀರ್ಘ ನಡಿಗೆಯ ಹೆಸರು. ಇನ್ನೊಂದು ಕೃತಿಯ ಹೆಸರಿನಲ್ಲಿ ದಕ್ಷಿಣ ಆಫ್ರಿಕಾ ಇದೆ. ರೋಚ್ ಪಾಲಿಗೆ ಆ ದೇಶ ಹೊಸದಲ್ಲ. 1960ರ ಮಾರ್ಚ್‌ನಲ್ಲಿ ಶಾರ್ಪ್‌ವಿಲ್‌ನಲ್ಲಿ 69 ಜನ ಗುಂಡಿಗೆ ಬಲಿಯಾದ ವರ್ಷವೇ ಅವರು ‘ಫ್ರೀಡಂ ನೌ ಸೂಟ್’ ಎಂಬ ಕೃತಿಯಲ್ಲಿ ಜೊಹಾನ್ಸ್‌ಬರ್ಗ್‌ಗೆ ಕಣ್ಣೀರು ಮಿಡಿದಿದ್ದರು. ಹತ್ತೊಂಬತ್ತು ವರ್ಷ ಕಳೆದರೂ ಅಲ್ಲಿ ವರ್ಣಭೇದ ಹಾಗೇ ಇತ್ತು, ರೋಚ್ ಅವರ ಸಿಟ್ಟೂ ಹಾಗೇ ಇತ್ತು.

ಶೆಪ್ ಅವರ ಊದುವಿಕೆಯನ್ನು ಹತ್ತಿರದಿಂದ ಕೇಳಬೇಕು. ಸ್ವರಕ್ಕಿಂತ ಮೊದಲು ಗಾಳಿ ಬರುತ್ತದೆ. ಕಬ್ಬಿನ ಜಾತಿಯ ಜೊಂಡಿನಿಂದ ಸೀಳಿ ಮಾಡಿದ ಒಂದು ತೆಳು ಪಟ್ಟಿ ಸ್ಯಾಕ್ಸೋಫೋನಿನ ಬಾಯಲ್ಲಿರುತ್ತದೆ. ಅದು ಅದುರಿದರೆ ಸ್ವರ. ಹೆಚ್ಚಿನ ವಾದಕರು ಗಾಳಿಯ ಸದ್ದನ್ನು ಮುಚ್ಚಿ ಸ್ವರವನ್ನಷ್ಟೇ ಕೇಳಿಸುತ್ತಾರೆ. ಶೆಪ್ ಮುಚ್ಚುವುದಿಲ್ಲ. ಗಂಟಲು ಕಟ್ಟಿದ ಮನುಷ್ಯ ಮಾತಿಗೆ ಹೊರಟ ಹಾಗೆ ಗಾಳಿ, ಆಮೇಲೆ ಸ್ವರ, ಕೊನೆಗೆ ಸ್ವರ ಒಡೆದು ಮತ್ತೆ ಗಾಳಿ. ಅವರು ಕಾಲೇಜಿನಲ್ಲಿ ಓದಿದ್ದು ನಾಟಕ. ಆ ಓದು ಊದುವಿಕೆಯಲ್ಲಿ ಕಾಣುತ್ತದೆ. ಡ್ಯೂಕ್ ಎಲಿಂಗ್ಟನ್ ಅವರ ‘ಸೊಫಿಸ್ಟಿಕೇಟೆಡ್ ಲೇಡಿ’ಯನ್ನು ಅವರೊಬ್ಬರೇ, ಡ್ರಮ್ಸ್ ಕೂಡ ಇಲ್ಲದೆ, ನುಡಿಸುವ ಭಾಗ ಈ ಮುದ್ರಿಕೆಯಲ್ಲಿದೆ. 1930ರ ದಶಕದ ಆ ಹಾಡಿನ ಸೊಗಸು ಪೂರ್ತಿ ಉಳಿದಿದೆ, ಅಂಚುಗಳು ಮಾತ್ರ ಸುಟ್ಟಿವೆ. ಫ್ರೀ ಜಾಝ್ ವಾದಕರು ಹಳೆಯದನ್ನು ಒದ್ದು ಬಂದವರು ಎನ್ನುವವರು ಈ ಕೆಲವು ನಿಮಿಷಗಳನ್ನು ಕೇಳಬೇಕು.

ಅಂಥ ದನಿಯ ಪಕ್ಕದಲ್ಲಿ ಆ ರಾತ್ರಿ ರೋಚ್ ಮಾಡುವುದು ನೆಲ ಹಾಸುವ ಕೆಲಸ. ಶೆಪ್ ಒಡೆಯುತ್ತಾರೆ, ರೋಚ್ ಒಡೆಯುವುದಿಲ್ಲ. ಟಾಮ್ ಎಂಬ ಡ್ರಮ್‌ಗಳ ಮೇಲೆ ಬಿಗಿಯಾದ ನಡೆ, ಕಾಲಿನ ಪೆಟ್ಟು ಖಚಿತ. ಬಿಗಿದು ಕಟ್ಟಿದ ಅವರ ಡ್ರಮ್‌ಗಳ ಎತ್ತರದ ದನಿ ಒಂದಕ್ಕೊಂದು ಸ್ಪಷ್ಟವಾಗಿ ಬೇರೆ, ಮೇಲು ಕೆಳಗು ಗೊತ್ತಾಗುತ್ತದೆ; ಹಾಗಾಗಿ ಬಾಸ್ ವಾದ್ಯ ಇಲ್ಲ ಎಂಬ ಕೊರತೆಯೇ ಕಿವಿಗೆ ಬರುವುದಿಲ್ಲ. ಶೆಪ್ ಉಸಿರಿಗೆ ನಿಂತಾಗ ರೋಚ್ ಆ ಜಾಗವನ್ನು ತುಂಬಿಬಿಡುವುದಿಲ್ಲ. ಅರ್ಧ ಸಾಲು ಹೇಳಿ ಉಳಿದರ್ಧವನ್ನು ಬಿಡುತ್ತಾರೆ. ಮುಂದೆ ಶೆಪ್ ಶುರುಮಾಡುವುದು ಆ ಉಳಿದರ್ಧದಿಂದ. ನಮ್ಮ ಮೃದಂಗ ವಿದ್ವಾಂಸರು ಸಂಗತಿ ಬಿಚ್ಚಿಕೊಳ್ಳಲೆಂದು ಕೈ ತಡೆದು ಕಾಯುವ ಗಳಿಗೆ ಬಲ್ಲವರಿಗೆ ಇಲ್ಲಿ ಪರಿಚಯದವರು ಸಿಕ್ಕ ಹಾಗಾಗುತ್ತದೆ. ನನಗಂತೂ ಆಗಿತ್ತು. ಈ ಸಂಗೀತದೊಳಗೆ ಮೊದಲು ಕಾಲಿಟ್ಟದ್ದು ನಾನು ಅಲ್ಲಿಂದಲೇ.

ಎರಡನೆಯ ರಾತ್ರಿ ಬೇರೆಯದೇ ಲೋಕ. ಬ್ರಾಕ್ಸ್‌ಟನ್‌ಗೆ ಆಗ ಮೂವತ್ತನಾಲ್ಕು. ಚಿಕಾಗೋದವರು. ಹತ್ತು ವರ್ಷ ಹಿಂದೆ, 1969ರಲ್ಲಿ, ಒಂದೇ ಆಲ್ಟೊ ಸ್ಯಾಕ್ಸೋಫೋನ್ ಹಿಡಿದು, ಬೇರೆ ಯಾರ ಜತೆಯೂ ಇಲ್ಲದೆ, ಎರಡು ಎಲ್‌ಪಿಗಳಷ್ಟು ಸಂಗೀತ ಮುದ್ರಿಸಿದ್ದರು. ‘ಫಾರ್ ಆಲ್ಟೊ’ ಎಂದು ಅದರ ಹೆಸರು. ಗಣಿತ, ಚದುರಂಗಗಳ ಕಡೆ ಒಲವಿದ್ದ ಮನುಷ್ಯ. ತಮ್ಮ ಕೃತಿಗಳಿಗೆ ಶಬ್ದಗಳ ಬದಲು ರೇಖಾಚಿತ್ರಗಳನ್ನೇ ಹೆಸರಾಗಿ ಇಟ್ಟವರು. ರೋಚ್ ಜತೆ ಅವರು 1978ರಲ್ಲೊಮ್ಮೆ ಸ್ಟುಡಿಯೋದಲ್ಲಿ ಕೂಡಿದ್ದರು. ವಿಲ್ಲಿಸಾವ್‌ಗೆ ಬರುವಾಗ ಅವರು ಒಂದೇ ವಾದ್ಯ ತರಲಿಲ್ಲ. ಆಲ್ಟೊ, ಸೊಪ್ರಾನೊ, ಅದಕ್ಕಿಂತ ಚಿಕ್ಕದಾದ ಸೊಪ್ರಾನಿನೊ ಸ್ಯಾಕ್ಸೋಫೋನುಗಳು, ಕೊಳಲು, ಕ್ಲಾರಿನೆಟ್ ಬಳಗದಲ್ಲೇ ತೀರ ತಗ್ಗಿನ ದನಿಯ ಕಾಂಟ್ರಾಬಾಸ್ ಕ್ಲಾರಿನೆಟ್, ಎಲ್ಲವನ್ನೂ ತಂದಿದ್ದರು. ಹಾಡು ಗೀಡು ಏನೂ ಇಲ್ಲ. ಇಡೀ ಕಛೇರಿ ಒಂದೇ ಮನೋಧರ್ಮ. ಎಲ್‌ಪಿಯ ಒಂದು ಮಗ್ಗುಲಿಗೆ ಹಿಡಿಸುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಹಾಗಾಗಿ ತಟ್ಟೆ ತಿರುವಬೇಕಾದಲ್ಲಿ ಆ ಹರಿವು ಕಡಿಯುತ್ತದೆ. ಸಿ.ಡಿ. ಸಿಕ್ಕಿದವರು ಅದನ್ನೇ ಕೇಳುವುದು ವಾಸಿ.

ಈ ರಾತ್ರಿ ರೋಚ್ ನೆಲ ಹಾಸುವುದಿಲ್ಲ. ಬ್ರಾಕ್ಸ್‌ಟನ್‌ಗೆ ನೆಲ ಬೇಕಿಲ್ಲ, ಅವರು ಹುಡುಕುವುದು ಬಣ್ಣ. ತಗ್ಗಿನ ಕ್ಲಾರಿನೆಟ್ ನೆಲದಡಿ ಗುಡುಗಿದ ಹಾಗೆ ಗುರುಗುಟ್ಟಿದರೆ ರೋಚ್ ಜಾಗಟೆಯನ್ನು ಮುಟ್ಟುತ್ತಾರೆ. ಅದರ ಮೊಳಗು ಇಳಿಯುವ ತನಕ ಇಬ್ಬರೂ ಅದನ್ನೇ ಕೇಳುತ್ತ ಇರುತ್ತಾರೆ. ಸೊಪ್ರಾನಿನೊ ಹಕ್ಕಿಯಂತೆ ಚಿಲಿಪಿಲಿಗೆ ಇಳಿದರೆ ಇಲ್ಲಿ ಸಿಂಬಲ್‌ನ ಅಂಚು ಮಾತ್ರ ಮಿಂಚುತ್ತದೆ. ಹಿಂದಿನ ರಾತ್ರಿ ಹೇಳಿದ್ದ ನುಡಿಗಟ್ಟುಗಳನ್ನು ಈ ಐವತ್ತೈದರ ಹಿರಿಯರು ಮತ್ತೆ ತರುವುದಿಲ್ಲ. ತನಗಿಂತ ಇಪ್ಪತ್ತೊಂದು ವರ್ಷ ಚಿಕ್ಕವನೊಬ್ಬ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾನೋ ಅದೇ ಭಾಷೆಗೆ ಕೂತಲ್ಲೇ ತಿರುಗಿಕೊಳ್ಳುತ್ತಾರೆ. ಒಂದು ಬಾನಿಯನ್ನು ಕಟ್ಟಿ ಹೆಸರಾದವರು ಆ ಬಾನಿಯನ್ನು ಪಕ್ಕಕ್ಕಿಟ್ಟು ಕೂರುವುದು ಸುಲಭವಲ್ಲ.

ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳುತ್ತೇನೆ. ಎರಡನೆಯ ರಾತ್ರಿಯಲ್ಲಿ ಸಡಿಲವಾದ ಕಡೆಗಳಿವೆ. ಒಂದು ವಾದ್ಯದಿಂದ ಇನ್ನೊಂದಕ್ಕೆ ಹೋಗುವಲ್ಲಿ ಬಿಗಿ ತಪ್ಪುತ್ತದೆ, ಮತ್ತೆ ಕೂಡಲು ಹೊತ್ತು ಹಿಡಿಯುತ್ತದೆ. ಸ್ಟುಡಿಯೋದಲ್ಲಿ ಆಗಿದ್ದರೆ ಅದನ್ನು ಕತ್ತರಿಸಿ ಹಾಕಬಹುದಿತ್ತು. ಜನರೆದುರು ನುಡಿಸುವವರಿಗೆ ಆ ಅನುಕೂಲ ಇಲ್ಲ. ಇಬ್ಬರು ದಾರಿ ಹುಡುಕುತ್ತಿರುವುದೂ ಮುದ್ರಿಕೆಯಲ್ಲಿ ಉಳಿಯುತ್ತದೆ. ಹುಡುಕಾಟ ಕೇಳಿದ ಮೇಲೆ ದಾರಿ ಸಿಕ್ಕ ಗಳಿಗೆ ಇನ್ನಷ್ಟು ಬೆಳಗುತ್ತದೆ. ನನ್ನ ಹೃದಯ ಮೊದಲ ರಾತ್ರಿಯ ಕಡೆಗೇ. ಆದರೆ ಕಿವಿಗೆ ಹೆಚ್ಚು ಪಾಠ ಹೇಳಿದ್ದು ಎರಡನೆಯದು.

ಮರುವರ್ಷ, 1980ರ ಆಗಸ್ಟ್ 31ರಂದು, ಅದೇ ವಿಲ್ಲಿಸಾವ್‌ನಲ್ಲಿ ಇಂಥದೇ ಇನ್ನೊಂದು ಜೋಡಿ ನುಡಿಸಿತು. ಸ್ಯಾಕ್ಸೋಫೋನಿನಲ್ಲಿ ಡ್ಯೂಯಿ ರೆಡ್‌ಮನ್, ಡ್ರಮ್ಸ್‌ನಲ್ಲಿ ಎಡ್ ಬ್ಲ್ಯಾಕ್‌ವೆಲ್. ಇಬ್ಬರ ಹೆಸರಿನ ಮೊದಲ ಭಾಗಗಳನ್ನು ಕೂಡಿಸಿ ‘ರೆಡ್ ಅಂಡ್ ಬ್ಲ್ಯಾಕ್ ಇನ್ ವಿಲ್ಲಿಸಾವ್’ ಎಂದು ಮುದ್ರಿಕೆ ಬಂತು. ಬ್ಲ್ಯಾಕ್‌ವೆಲ್ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, ಬ್ಯಾಂಡ್ ಮೆರವಣಿಗೆಗಳ ಊರಿನಲ್ಲಿ. ಎಷ್ಟು ಸ್ವತಂತ್ರವಾಗಿ ನುಡಿಸಿದರೂ ಅವರ ಕೈಯಲ್ಲಿ ಆ ಮೆರವಣಿಗೆಯ ಹೆಜ್ಜೆ ಇರುತ್ತದೆ. ಮೂತ್ರಪಿಂಡದ ಕಾಯಿಲೆಗೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಅವರು ವರ್ಷಗಟ್ಟಲೆ ನುಡಿಸಿದರು, ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲೇ ಮೃದಂಗ ಪಾಠ ಆರಂಭಿಸಿದವರು ಟಿ. ರಂಗನಾಥನ್, ವೀಣೆ ಧನಮ್ಮಾಳ್ ಅವರ ಮೊಮ್ಮಗ, ನರ್ತಕಿ ಬಾಲಸರಸ್ವತಿಯವರ ತಮ್ಮ. ನ್ಯೂ ಆರ್ಲಿಯನ್ಸ್‌ನ ಹೆಜ್ಜೆ ಮತ್ತು ಮೃದಂಗದ ಸೊಲ್ಕಟ್ಟು ಒಂದೇ ಸಂಗೀತ ವಿಭಾಗದಲ್ಲಿ ಪಾಠವಾಗುತ್ತಿದ್ದವು. ಮುಂದೆ 1990ರಲ್ಲಿ ಬ್ರಾಕ್ಸ್‌ಟನ್ ಕೂಡ ಅಲ್ಲಿಗೇ ಪ್ರಾಧ್ಯಾಪಕರಾಗಿ ಬಂದರು.

ಬ್ಲ್ಯಾಕ್‌ವೆಲ್ 1992ರಲ್ಲಿ ಹೋದರು, ರೆಡ್‌ಮನ್ 2006ರಲ್ಲಿ, ಮ್ಯಾಕ್ಸ್ ರೋಚ್ 2007ರ ಆಗಸ್ಟ್‌ನಲ್ಲಿ. ಆ ಎರಡು ರಾತ್ರಿಗಳ ಮುದ್ರಿಕೆಗಳು ಇವತ್ತೂ ಹುಡುಕಿದರೆ ಸಿಗುತ್ತವೆ.

ಕೇಳಲು ಮನಸ್ಸಾದವರಿಗೆ ನನ್ನದೊಂದು ಕೋರಿಕೆ. ಕೆಲಸ ಮಾಡುತ್ತ, ಹಿನ್ನೆಲೆಗೆಂದು ಹಾಕಿಕೊಳ್ಳಬೇಡಿ. ಹಾಗೆ ಕೇಳಿದರೆ ಅದು ಗದ್ದಲವೇ. ಸ್ಯಾಕ್ಸೋಫೋನನ್ನು ಅದರ ಪಾಡಿಗೆ ಬಿಟ್ಟು, ಮೊದಲ ಹತ್ತು ನಿಮಿಷ ಮ್ಯಾಕ್ಸ್ ರೋಚ್ ಅವರ ಬಲಗಾಲನ್ನು ಮಾತ್ರ ಹಿಂಬಾಲಿಸಿ. ಆಗಸ್ಟ್ 30ರದನ್ನು ಒಂದು ದಿನ ಕೇಳಿ, 31ರದನ್ನು ಮಾರನೆಯ ದಿನ. ಒಂದೇ ದಿನ ಎರಡನ್ನೂ ಕೇಳಬೇಡಿ. ಅವರು ನುಡಿಸಿದಾಗ ನಡುವೆ ಒಂದು ಹಗಲಿತ್ತು.